ಕರೆದರೂ ಏಳದ ಡಿಸ್ಕು

ಧನುರ್ಮಾಸದಲ್ಲಿ ಮಂಡ್ಯದ ಗುತ್ತಲು ರಸ್ತೆಯ ನನ್ನ ಡಿಟಿಪಿ ಅಂಗಡಿಗೆ ಬರುವವರು ಜೆರಾಕ್ಸ್ ಗಿರಾಕಿಗಳು ಮಾತ್ರ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಲಗ್ನಪತ್ರಿಕೆಯ ಮಾದರಿಗಳ ಮೇಲೆ ಧೂಳು ಕೂರುತ್ತದೆ. ಸುಣ್ಣಬಣ್ಣ, ಯಂತ್ರದ ರಿಪೇರಿ ಎಲ್ಲವನ್ನೂ ನಾನು ಆ ತಿಂಗಳಿಗೇ ಎತ್ತಿಡುತ್ತೇನೆ. ಈ ಬಾರಿಯ ಕೆಲಸ ದೊಡ್ಡದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿತ್ತು. ನನ್ನ ಏಳನೇ ತಲೆಮಾರಿನ ಇಂಟೆಲ್ ಯಂತ್ರವನ್ನು ವಿಂಡೋಸ್ 11 ಹೊಸ್ತಿಲು ದಾಟಲು ಬಿಡುವುದಿಲ್ಲ. ದುಡಿಯುವ ಎತ್ತನ್ನು ಕಸಾಯಿಗೆ ಕೊಡುವ ಮನಸ್ಸು ನನಗಿರಲಿಲ್ಲ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗ ಒಂದು ದಾರಿ ಹೇಳಿದ. ಎನ್‌ವಿಎಂಇ ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕೊಂದನ್ನು ಹಾಕಿ ಅದರಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸುವ ಲಿನಕ್ಸ್ ಇಡುವುದು, ಹಳೆಯ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಹಾಗೆಯೇ ಇರುವುದು. ವಿಂಡೋಸ್ ನನಗೆ ಬೇಕೇ ಬೇಕು. ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರ ಬಳಸಿ ಮಾಡಿಟ್ಟ ಇಪ್ಪತ್ತು ವರ್ಷದ ಕಡತಗಳಿವೆ. ಅವು ಯಾವ ಯಂತ್ರದಲ್ಲಾದರೂ ಓದಬಹುದಾದ ಯೂನಿಕೋಡ್ ಅಲ್ಲ. ಅಕ್ಕನ ಮದುವೆಗೆ ಮಾಡಿದ ಪತ್ರಿಕೆಯನ್ನೇ ತಂಗಿಗೂ ಮಾಡಿ ಎನ್ನುವವರು ಈ ಊರಿನಲ್ಲಿ ಕಡಿಮೆಯಿಲ್ಲ.

ಮೊದಲ ದಿನವೇ ಲಿನಕ್ಸಿನ ಅನುಸ್ಥಾಪಕಕ್ಕೆ ಹೊಸ ಡಿಸ್ಕು ಕಾಣಲಿಲ್ಲ. ಯಂತ್ರ ಹಚ್ಚಿದೊಡನೆ ಮೊದಲು ಏಳುವ ಬಯೋಸ್‌ನಲ್ಲಿ, ಡಿಸ್ಕುಗಳನ್ನು ನಡೆಸುವ ಸಾಟಾ ವ್ಯವಸ್ಥೆ ರೇಯ್ಡ್ (ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ಬಗೆ) ಎಂದಿತ್ತು. ಹಾಗಿದ್ದಾಗ ಇಂಟೆಲ್‌ನ ಆ ಏರ್ಪಾಡು ಎನ್‌ವಿಎಂಇ ಡಿಸ್ಕನ್ನು ತನ್ನ ಸೆರಗಿನ ಹಿಂದೆ ಅಡಗಿಸಿಕೊಳ್ಳುತ್ತದೆ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಬಗೆಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೈಚೆಲ್ಲುವ ಸಂಭವವಿದೆ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಗೊತ್ತುಮಾಡಿ, ಆಮೇಲೆ ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿದರೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಹುಡುಗನಿಗೆ ಇದು ಗೊತ್ತಿತ್ತು, ಅರ್ಧ ಗಂಟೆಯಲ್ಲಿ ಮುಗಿಸಿದ. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ನೋಡಿಕೊಂಡು ಮೈಸೂರಿಗೆ ಹೊರಟುಹೋದ.

ಕಾಟ ಶುರುವಾದದ್ದು ಅನಂತರ. ಬಸರಾಳು ಕಡೆಯ ಕುಟುಂಬವೊಂದು ಪತ್ರಿಕೆ ಮಾಡಿಸಲು ಬಂದಿತ್ತು. ಲಿನಕ್ಸಿನಲ್ಲಿ ಇಂಕ್‌ಸ್ಕೇಪ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಎಲ್ಲವೂ ಮುಗಿದು, ಸುಖಾಗಮನ ಬಯಸುವವರ ಪಟ್ಟಿಗೆ ಬಂದು ನಿಂತೆವು. ಪತ್ರಿಕೆಯಲ್ಲಿ ಮುಹೂರ್ತ ತಪ್ಪಿದರೂ ಕ್ಷಮಿಸುತ್ತಾರೆ, ಈ ಪಟ್ಟಿಯ ಅನುಕ್ರಮ ತಪ್ಪಿದರೆ ಇಲ್ಲ. ವರನ ಸೋದರತ್ತೆಯ ಹೆಸರು ದೊಡ್ಡಪ್ಪನಿಗಿಂತ ಮೇಲೆ ಬರಬೇಕೋ ಕೆಳಗೋ ಎಂದು ಇಬ್ಬರು ಗಂಡಸರು ಮಾತಿಗೆ ಮಾತು ಬೆಳೆಸಿದರು. ನಾನು ಕೈಕಟ್ಟಿ ಕುಳಿತೆ. ಒಂದು ತೀರ್ಮಾನಕ್ಕೆ ಬಂದ ಮೇಲೆ ಹೆಸರು ಸರಿಸಿ ಸೇವ್ ಒತ್ತಿದರೆ, ಇನ್‌ಪುಟ್ ಔಟ್‌ಪುಟ್ ಎರರ್. ಮೌಸ್ ಓಡಾಡುತ್ತಿದೆ, ಪತ್ರಿಕೆ ಕಣ್ಣೆದುರಿಗೇ ಇದೆ, ಹೊಸದಾಗಿ ಏನನ್ನು ತೆರೆಯಲು ಹೋದರೂ ಉತ್ತರವಿಲ್ಲ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡು ರೀಸ್ಟಾರ್ಟ್ ಮಾಡಿದೆ. ಬಯೋಸ್‌ನಲ್ಲೂ ಡಿಸ್ಕು ಇಲ್ಲ! ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಏನೂ ಆಗದವರ ಹಾಗೆ ಹಾಜರು.

ಆ ವಾರದಲ್ಲಿ ಮೂರು ಬಾರಿ ಹೀಗಾಯಿತು. ಡಿಸ್ಕು ಕೊಟ್ಟ ಅಂಗಡಿಗೆ ಹುಡುಗ ಅದನ್ನು ಒಯ್ದ. ಅವರು ತಮ್ಮ ವಿಂಡೋಸ್ ಯಂತ್ರಕ್ಕೆ ಹಾಕಿ, ದೊಡ್ಡ ದೊಡ್ಡ ಕಡತಗಳನ್ನು ಹತ್ತು ನಿಮಿಷ ಅತ್ತಿಂದಿತ್ತ ನಕಲು ಮಾಡಿ, ಡಿಸ್ಕು ಸರಿಯಿದೆ, ಲಿನಕ್ಸ್ ಹಾಕಿದ್ದೇ ತಪ್ಪು ಎಂದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರ ಪರೀಕ್ಷೆಯ ವಿವರ ಕೇಳುತ್ತಿದ್ದಾಗಲೇ ನನಗೊಂದು ಹೊಳೆಯಿತು: ನನ್ನಲ್ಲಿ ಅದು ಕೆಲಸ ಮಾಡುವಾಗ ಒಮ್ಮೆಯೂ ಕೆಟ್ಟಿಲ್ಲ. ಕೆಟ್ಟದ್ದೆಲ್ಲ ನಾನು ಕಾಫಿಗೆ ಹೋದಾಗ, ಫೋನಿನಲ್ಲಿದ್ದಾಗ, ನೆಂಟರು ಜಗಳವಾಡುತ್ತಿದ್ದಾಗ. ಅವರು ದುಡಿಸಿ ನೋಡಿದರು. ಸುಮ್ಮನೆ ಕೂರಿಸಿ ನೋಡಲಿಲ್ಲ.

ದಾಖಲೆ ಹುಡುಕಿದರೆ ಲಾಗ್‌ನಲ್ಲಿ ಆ ಹೊತ್ತಿನದು ಒಂದಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಬರೆಯಬೇಕಾದ ಪುಸ್ತಕವೇ ಕಾಣೆಯಾಗಿತ್ತಲ್ಲ. "ಅತ್ತೆ, ಲಿನಕ್ಸಿನ ತಿರುಳಾದ ಕರ್ನಲ್ಲಿನ ಸಂದೇಶಗಳು ಹರಿಯುವ ಟರ್ಮಿನಲ್ ಒಂದನ್ನು ತೆರೆದಿಟ್ಟುಬಿಡಿ. ಡಿಸ್ಕು ಹೋದರೂ ಪರದೆ ಹೋಗುವುದಿಲ್ಲ" ಎಂದ ಹುಡುಗ. ತೆರೆದಿಟ್ಟು, ಬೇಕೆಂದೇ ಊಟಕ್ಕೆ ಹೋದೆ. ಬಂದು ನೋಡಿದರೆ ಅಲ್ಲಿತ್ತು: ಡಿಸ್ಕಿನ ಕಂಟ್ರೋಲರ್ ಬಿದ್ದಿದೆ ಎಂಬ ಸಾಲು, ಅದರ ಮುಂದೆ ಸಾಲಾಗಿ ಎಂಟು ಎಫ್ ಅಕ್ಷರ. ಎಫ್ ಎಂದರೆ ಯಂತ್ರದ ಲೆಕ್ಕದಲ್ಲಿ ನಾಲ್ಕು ಒಂದುಗಳು; ಓದಿದಲ್ಲೆಲ್ಲ ಬರೀ ಒಂದುಗಳೇ ಬಂದರೆ ಆ ಕಡೆ ಯಾರೂ ಇಲ್ಲವೆಂದು ಅರ್ಥವಂತೆ. ಅದರ ಕೆಳಗೆ, ನಿಮ್ಮ ಸಾಧನದ ವಿದ್ಯುತ್ ಉಳಿತಾಯ ವ್ಯವಸ್ಥೆಯಲ್ಲಿ ದೋಷವಿದೆಯೇ ಎಂದು ಕರ್ನಲ್ಲೇ ನನ್ನನ್ನು ಕೇಳಿತ್ತು. ಇಷ್ಟು ಮರ್ಯಾದೆಯಿಂದ ಪ್ರಶ್ನೆ ಕೇಳುವ ತಂತ್ರಾಂಶವನ್ನು ನಾನು ಕಂಡಿರಲಿಲ್ಲ.

ವಿಷಯ ಇಷ್ಟು. ಎನ್‌ವಿಎಂಇ ಡಿಸ್ಕು ತನ್ನಲ್ಲಿ ಎಷ್ಟು ಬಗೆಯ ನಿದ್ದೆಯಿದೆ, ಪ್ರತಿಯೊಂದಕ್ಕೆ ಇಳಿಯಲು ಎಷ್ಟು ಹೊತ್ತು, ಏಳಲು ಎಷ್ಟು ಹೊತ್ತು ಎಂಬ ಪಟ್ಟಿಯನ್ನು ತಾನೇ ಕೊಡುತ್ತದೆ. 2017ರ 4.11ನೇ ಆವೃತ್ತಿಯಿಂದ ಲಿನಕ್ಸ್ ಆ ಪಟ್ಟಿಯನ್ನು ನಂಬಿ, ಕೆಲಸವಿಲ್ಲದಾಗ ತಾನಾಗಿಯೇ ಮಲಗಲು ಡಿಸ್ಕಿಗೆ ಅನುಮತಿ ಕೊಡುತ್ತದೆ. ಎಪಿಎಸ್‌ಟಿ ಎಂದು ಅದಕ್ಕೆ ಹೆಸರು. ನನ್ನ ಡಿಸ್ಕಿನ ಪಟ್ಟಿಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಐದು ಸ್ಥಿತಿಗಳು. ನಾಲ್ಕನೆಯದು ಕುಂಭಕರ್ಣ ನಿದ್ದೆ: ಇಳಿಯಲು 2,000 ಮೈಕ್ರೋಸೆಕೆಂಡ್, ಏಳಲು 8,000 ಎಂದು ಬರೆದುಕೊಟ್ಟಿದೆ. ಬರೆದುಕೊಟ್ಟದ್ದು ನಿಜ, ಏಳುವುದು ಮಾತ್ರ ಇಲ್ಲ. ಛತ್ರದ ವಾಚ್‌ಮನ್ ಬಾಗಿಲು ತಟ್ಟಿದರೆ ಏಳುತ್ತೇನೆಂದು ಹೇಳಿ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದಂತೆ.

ಹಾಗೆಂದು ತಪ್ಪು ಪೂರ್ತಿ ಡಿಸ್ಕಿನದೇ ಎನ್ನಲೂ ಆಗದು. ಕರ್ನಲ್ಲಿನ ಎನ್‌ವಿಎಂಇ ಚಾಲಕದೊಳಗೆ ಇಂಥ ಹಟಮಾರಿಗಳ ಹೆಸರುಪಟ್ಟಿಯೇ ಇದೆ. ಕೆಲವು ಡಿಸ್ಕುಗಳು ನಿರ್ದಿಷ್ಟ ಲ್ಯಾಪ್‌ಟಾಪಿನ ಅಥವಾ ಮದರ್‌ಬೋರ್ಡಿನ ಜೊತೆ ಸೇರಿದಾಗ ಮಾತ್ರ ಅದರಲ್ಲಿ ಬರುತ್ತವೆ. ಬೇರೆ ಮನೆಯಲ್ಲಿ ಚಿನ್ನದಂಥ ಸೊಸೆ, ಈ ಮನೆಯಲ್ಲಿ ಕಿರಿಕಿರಿ. ನನ್ನದು ಆ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ನಾವೇ ಹೇಳಬೇಕಾಯಿತು.

ಯಂತ್ರ ಹಚ್ಚಿದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಕಡತದಲ್ಲಿ ಸೇರಿಸಬೇಕಾದ ಪದವನ್ನು ಹುಡುಗ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಹೇಳಿದ. ಎನ್‌ವಿಎಂಇ, ಅಂಡರ್‌ಸ್ಕೋರ್, ಕೋರ್, ಚುಕ್ಕಿ, ಡೀಫಾಲ್ಟ್, ಅಂಡರ್‌ಸ್ಕೋರ್, ಪಿಎಸ್... ಕೊನೆಯಲ್ಲಿ ಯುಎಸ್. ಅಮೆರಿಕಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಿದೆ; ಮೈಕ್ರೋಸೆಕೆಂಡ್ ಅತ್ತೆ ಎಂದು ನಕ್ಕ. ನಿದ್ದೆಯಿಂದ ಏಳಲು ಎಷ್ಟು ಹೊತ್ತಿನವರೆಗೆ ಒಪ್ಪಿಗೆ ಎಂಬ ಮಿತಿ ಅದು. ಅದರ ಬೆಲೆ ಸೊನ್ನೆಯಾದರೆ ಈ ತಾನಾಗಿ ಮಲಗುವ ನಿದ್ದೆಯೇ ಇಲ್ಲ. ನಾವು 5500 ಎಂದು ಕೊಟ್ಟೆವು: ನಾಲ್ಕನೆಯದರಿಂದ ಏಳಲು ಬೇಕಾದ 8,000 ಆ ಮಿತಿಯನ್ನು ಮೀರುತ್ತದೆ, ಮೂರನೆಯದು ಒಳಗೇ ಬರುತ್ತದೆ. ತೂಕಡಿಸಲಿ, ಗೊರಕೆ ಬೇಡ. ಗ್ರಬ್ ನವೀಕರಿಸಿ ಯಂತ್ರವನ್ನು ಮತ್ತೆ ಹಚ್ಚಿದೆವು. ಆಮೇಲೆ ಒಂದು ದಿನವೂ ಡಿಸ್ಕು ತಪ್ಪಿಸಿಕೊಂಡಿಲ್ಲ. ತಯಾರಕರು ಡಿಸ್ಕಿನೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದಾಗಿ ಬಿಟ್ಟಿದ್ದಾರೆ, ವಿಂಡೋಸ್‌ನಿಂದ ಮಾತ್ರ ಹಾಕಬಹುದು. ಮುಂದಿನ ಧನುರ್ಮಾಸಕ್ಕೆ ನೋಡೋಣ.

ಹಳೆಯ ಹಾರ್ಡ್‌ಡಿಸ್ಕಿನ ತಕರಾರೂ ನಿದ್ದೆಯದೇ ಆಗಿತ್ತು. ವಿಂಡೋಸ್ ಶಟ್‌ಡೌನ್ ಆದೆನೆಂದು ಹೇಳಿ ನಿಜವಾಗಿ ಅರೆನಿದ್ದೆಯಲ್ಲಿರುತ್ತದೆ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯ. ಹಾಗಿರುವಾಗ ಅದರ ವಿಭಾಗದಲ್ಲಿ ಬರೆಯಲು ಲಿನಕ್ಸ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅದರ ಗುರುತು ತೆಗೆದೆ, ಮುಗಿಯಿತು.

ಬಸರಾಳಿನವರ ಪತ್ರಿಕೆಯನ್ನು ಮೊಬೈಲ್ ಫೋಟೋ ನೋಡಿಕೊಂಡು ಆ ರಾತ್ರಿಯೇ ಮತ್ತೆ ಜೋಡಿಸಿದ್ದೆ. ಕರಡು ತೋರಿಸಿದೆ, ಸರಿಯಿದೆ ಎಂದರು, ಆರು ನೂರು ಪ್ರತಿ ಮುದ್ರಿಸಿದೆ. ಒಯ್ಯಲು ಬಂದವರು ಮೊದಲ ಕಾರ್ಡನ್ನೇ ಹಿಡಿದು ಹುಡುಕತೊಡಗಿದರು. ಫೋಟೋದಲ್ಲಿ ಟ್ಯೂಬ್‌ಲೈಟಿನ ಬೆಳಕು ಬಿದ್ದ ಜಾಗದಲ್ಲಿ ಒಂದು ಹೆಸರು ನನಗೆ ಕಂಡಿರಲಿಲ್ಲ. ಸೋದರತ್ತೆಯದು. ನೀನೇ ತೆಗೆಸಿದ್ದು ಎಂದು ಒಬ್ಬರು, ನಾನಲ್ಲ ಎಂದು ಇನ್ನೊಬ್ಬರು ಶುರುಮಾಡಿದರು. ಡಿಸ್ಕಿನ ಕಥೆ ಹೇಳಲು ನಾನು ಹೋಗಲಿಲ್ಲ. ಆರು ನೂರನ್ನೂ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಟ್ಟೆ, ಅತ್ತೆಯ ಹೆಸರನ್ನು ಎಲ್ಲರಿಗಿಂತ ಮೇಲಿಟ್ಟು. ಈ ಬಾರಿ ಯಾರೂ ತುಟಿಬಿಚ್ಚಲಿಲ್ಲ.