ಎಥಿಲೀನ್‌ಡೈಅಮೀನ್ ಡ್ರಮ್ ತೆರೆಯುವ ಮುನ್ನ

ಎಥಿಲೀನ್‌ಡೈಅಮೀನ್ ಕಾರ್ಖಾನೆಗಳಲ್ಲಿ ಬಳಸುವ ಕ್ಷಾರ ರಾಸಾಯನಿಕ. ನೋಡಲು ನೀರಿನಂತೆ, ವಾಸನೆ ಅಮೋನಿಯಾದಂತೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಕೆಲಸದ ಜಾಗದ ಗಾಳಿಗೆ ವಿಧಿಸಿರುವ ಮಿತಿ 8 ಗಂಟೆಯ ಸರಾಸರಿಯಲ್ಲಿ 10 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗ). ಆದರೆ ಒಮ್ಮೆ ಅಲರ್ಜಿ ಹತ್ತಿದ ಕಾರ್ಮಿಕರಿಗೆ ಅದಕ್ಕಿಂತ ಕಡಿಮೆಯಲ್ಲೂ ಆಸ್ತಮಾ ಕೆರಳಬಹುದು. ಉಬ್ಬಸ ಎಷ್ಟೋ ಸಲ ಶಿಫ್ಟ್ ಮುಗಿಸಿ ಮನೆಗೆ ಹೋದ ಮೇಲೆ ಶುರುವಾಗುತ್ತದೆ. ಹಾಗಾಗಿ ಕಾರಣ ಯಾರಿಗೂ ಹೊಳೆಯುವುದಿಲ್ಲ. ಅಂಥವರಿಗೆ ಮಾಸ್ಕ್ ಕೊಟ್ಟು ಅದೇ ಜಾಗಕ್ಕೆ ಕಳಿಸುವುದು ಅನ್ಯಾಯ, ಕೆಲಸವನ್ನೇ ಬದಲಿಸಿಕೊಡಬೇಕು.

ಕಣ್ಣಿಗೆ ಸಿಡಿದರೆ ಈ ಕ್ಷಾರ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ತಕ್ಷಣ ರೆಪ್ಪೆ ಬಿಡಿಸಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ವಿನೆಗರ್, ನಿಂಬೆರಸ ಹಾಕಲೇಬೇಡಿ.

ಕೈಗೆ ಬ್ಯುಟೈಲ್ ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್. ಹಿತ್ತಾಳೆ ವಾಲ್ವ್ ಬೇಡ, ಈ ರಾಸಾಯನಿಕ ಅದರಲ್ಲಿರುವ ತಾಮ್ರವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ.