720 ತಪ್ಪಿಸುವ ಆಟ

ನಮ್ಮ ಗಣಿತದ ಮೇಷ್ಟ್ರಿಗೆ ಹಳೆಯ ಲಗ್ನಪತ್ರಿಕೆ ಕಂಡರೆ ಬಲು ಪ್ರೀತಿ. ಮದುವೆ ಮುಗಿದ ಮನೆಗಳಿಂದ ನಮ್ಮ ಕೈಲೇ ತರಿಸಿಕೊಳ್ಳುತ್ತಿದ್ದರು. ಆ ದಪ್ಪ ಕಾಗದದಲ್ಲಿ ತ್ರಿಭುಜ, ಚೌಕ, ಪಂಚಭುಜ ಕತ್ತರಿಸಿ, ಮೈದಾ ಅಂಟು ಹಚ್ಚಿ ನಾವು ಘನಾಕೃತಿ ಮಾಡಬೇಕು. ಪರೀಕ್ಷೆಗೆ ಬೇಕಾಗಿದ್ದದ್ದು ಆಯ್ಲರನ ಸೂತ್ರ ಒಂದೇ: ಮೂಲೆಗಳ ಸಂಖ್ಯೆಯಲ್ಲಿ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ 2. ಅದನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗಬಹುದಿತ್ತು. ಮೇಷ್ಟ್ರು ಹೋಗಲಿಲ್ಲ.

ಅವರ ಪ್ರಶ್ನೆ ಯಾವಾಗಲೂ ಒಂದೇ: "ಮೂಲೇಲಿ ಎಷ್ಟು ಕಮ್ಮಿ ಬಿತ್ತು?" ಬೆಂಚಿನ ಮೇಲೆ ಒಂದು ಚುಕ್ಕಿ ಇಟ್ಟರೆ ಅದರ ಸುತ್ತ 360 ಡಿಗ್ರಿ. ಪೆಟ್ಟಿಗೆಯ ಮೂಲೆಯಲ್ಲಿ ಸೇರುವುದು ಮೂರು ಚೌಕ, ಅಂದರೆ 270. ಕಮ್ಮಿ ಬಿದ್ದದ್ದು 90. ಹಾಗೆ ಕಮ್ಮಿ ಬಿದ್ದದ್ದಕ್ಕೇ ಕಾಗದ ಮಡಚಿ ಮೇಲೇಳುತ್ತದೆ. ಪೆಟ್ಟಿಗೆಗೆ ಎಂಟು ಮೂಲೆ, ಒಟ್ಟು 720. ಎಂಟು ತ್ರಿಭುಜಗಳ ಆಕೃತಿಯಲ್ಲಿ ಮೂಲೆಗೆ 120 ಕಮ್ಮಿ, ಮೂಲೆ ಆರು. ಮತ್ತೆ 720. ಹನ್ನೆರಡು ಪಂಚಭುಜದ್ದರಲ್ಲಿ ಮೂಲೆಗೆ 36, ಮೂಲೆ 20. ಅಲ್ಲೂ ಅಷ್ಟೇ! ಕಪ್ಪು-ಬಿಳಿ ಫುಟ್‌ಬಾಲಿನಲ್ಲಿ 60 ಮೂಲೆ. ಒಂದೊಂದರಲ್ಲೂ ಒಂದು ಪಂಚಭುಜ, ಎರಡು ಷಡ್ಭುಜ. ಕೂಡಿದರೆ 348, ಕೊರತೆ ಬರೀ 12. ಮೂಲೆ ಜಾಸ್ತಿಯಾದ ಹಾಗೆ ಕೊರತೆ ಚೂರುಚೂರಾಗಿ ಹಂಚಿಹೋಗಿ ಆಕೃತಿ ದುಂಡಗಾಗುತ್ತದೆ, ಮೊತ್ತ ಮಾತ್ರ ಅಲ್ಲಾಡುವುದಿಲ್ಲ.

ಇದನ್ನು ಮೊದಲು ಕಂಡವನು ಫ್ರೆಂಚ್ ಗಣಿತಜ್ಞ ಡೆಕಾರ್ಟ್, ಆಯ್ಲರನಿಗಿಂತ ನೂರಕ್ಕೂ ಹೆಚ್ಚು ವರ್ಷ ಮುಂಚೆ. ಅವನು 1650ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳ ಪೆಟ್ಟಿಗೆ ಪ್ಯಾರಿಸ್ಸಿಗೆ ಬರುವಾಗ ಸೇನ್ ನದಿಯಲ್ಲಿ ಮುಳುಗಿತು. ಮೇಲೆತ್ತಿ ಹಾಳೆಗಳನ್ನು ಒಣಗಿಸಿದರು. 1676ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ಕೆಲವನ್ನು ನಕಲು ಮಾಡಿಕೊಂಡ. ಮೂಲ ಕಳೆದುಹೋಯಿತು, ನಕಲು 1860ರಲ್ಲಿ ಬೆಳಕಿಗೆ ಬಂತು. ಮೇಷ್ಟ್ರು ಈ ಕಥೆ ಹೇಳುವಾಗ ಬೆಲ್ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಆಮೇಲೆ ಆಟ ಶುರುವಾಯಿತು. "ಈ 720 ತಪ್ಪಿಸೋ ಆಕಾರ ಮಾಡ್ಕೊಂಡು ಬನ್ನಿ, ನೋಡೋಣ." ಹಿಂದಿನ ಬೆಂಚಿನವರು ಪೆಟ್ಟಿಗೆಯ ಒಂದು ಮೂಲೆಯನ್ನು ಚೌಕವಾಗಿ ಒಳಕ್ಕೆ ತಗ್ಗಿಸಿ ತಂದರು. ತಗ್ಗಿನ ತಳದ ಮೂಲೆಯಲ್ಲಿ ಕೊರತೆ ಮೈನಸ್ ಬರುತ್ತದೆ ಅಂತ ಎಲ್ಲರಿಗೂ ಖಾತ್ರಿ. ಅಳೆದರೆ ಅಲ್ಲೂ ಮೂರು ಚೌಕ, ಅದೇ 90! ಒಳಗೆ ಚುಚ್ಚಿದೆಯೋ ಹೊರಗೆ ಚುಚ್ಚಿದೆಯೋ ಕೋನಕ್ಕೆ ಗೊತ್ತೇ ಆಗುವುದಿಲ್ಲ. ಮೈನಸ್ ಇದ್ದದ್ದು ತಗ್ಗಿನ ಬಾಯಿಯ ಮೂರು ಮೂಲೆಗಳಲ್ಲಿ. ಅಲ್ಲಿ ಕೋನಗಳು ಕೂಡಿ 450, ಅಂದರೆ 90 ಹೆಚ್ಚು. ಮಿಕ್ಕ ಹನ್ನೊಂದು ಮೂಲೆಗಳ 990ರಲ್ಲಿ 270 ಕಳೆದರೆ ಉಳಿದದ್ದು ಅದೇ ಹಳೇ 720. ತರಗತಿಯಿಡೀ ನಗು.

ಕಾರಣ ಬೋರ್ಡಿನ ಮೇಲೆ ಮೂರೇ ಸಾಲು. n ಬಾಹುಗಳ ಮುಖದ ಕೋನಗಳ ಮೊತ್ತ (n−2)×180. ಎಲ್ಲ ಮುಖಗಳನ್ನೂ ಕೂಡಿದರೆ, ಪ್ರತಿ ಅಂಚೂ ಎರಡು ಮುಖಗಳಿಗೆ ಸೇರಿರುವುದರಿಂದ, 360×(ಅಂಚು − ಮುಖ). ಇದನ್ನು 360×ಶೃಂಗದಿಂದ (ಶೃಂಗ ಅಂದರೆ ಮೂಲೆ) ಕಳೆದರೆ 360×(ಶೃಂಗ − ಅಂಚು + ಮುಖ) ಬರುತ್ತದೆ. ಆವರಣದೊಳಗಿನದು ಆಯ್ಲರನ 2. ಪರೀಕ್ಷೆಯ ಸೂತ್ರಕ್ಕೆ ಹೀಗೊಂದು ಕೆಲಸವಿದೆ ಅಂತ ಆವತ್ತೇ ತಿಳಿದದ್ದು.

ಮೊತ್ತವನ್ನು ಕೊನೆಗೂ ತಪ್ಪಿಸಿದವಳು ಒಬ್ಬ ಹುಡುಗಿ. ಜಾಸ್ತಿ ಮಾತಾಡದವಳು. ಫೋಟೊ ಫ್ರೇಮಿನ ಹಾಗೆ ನಡುವೆ ಚೌಕ ತೂತಿರುವ ಪೆಟ್ಟಿಗೆ ತಂದಿದ್ದಳು. ಹೊರಗಿನ ಎಂಟು ಮೂಲೆಗಳಲ್ಲಿ ತಲಾ 90 ಕಮ್ಮಿ, ತೂತಿನ ಎಂಟರಲ್ಲಿ ತಲಾ 90 ಹೆಚ್ಚು. ಒಟ್ಟು ಸೊನ್ನೆ. ಆಯ್ಲರನ ಆ 2 ಬರುವುದು ತೂತಿಲ್ಲದ ಆಕೃತಿಗಷ್ಟೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ತಾವೇ ಇನ್ನೊಮ್ಮೆ ಕೂಡಿ ನೋಡಿದರು. ಆ ಫ್ರೇಮು ಬಹಳ ದಿನ ಸ್ಟಾಫ್‌ರೂಮಿನ ಬೀರುವಿನ ಮೇಲಿತ್ತು.

ಎಂ.ಎಸ್ಸಿ.ಯಲ್ಲಿ ಗೌಸ್-ಬಾನೆ ಪ್ರಮೇಯ ಬಂದಾಗ ನನಗೆ ಹೊಸದು ಅನ್ನಿಸಲಿಲ್ಲ. ಅಲ್ಲಿ ಮೂಲೆಗಳ ಬದಲು ನುಣುಪಾದ ಮೈ, ಕೊರತೆಯ ಬದಲು ವಕ್ರತೆ. ಗೋಳದ ಒಟ್ಟು ವಕ್ರತೆ ರೇಡಿಯನ್ ಲೆಕ್ಕದಲ್ಲಿ 4π, ಅಂದರೆ ನಮ್ಮ 720 ಡಿಗ್ರಿಯೇ. ನಡುವೆ ತೂತಿರುವ ಉದ್ದಿನ ವಡೆಗೆ ಸೊನ್ನೆ. ತೂತು ಎರಡಾದರೆ ಮೈನಸ್ 720, ಆಮೇಲೆ ಒಂದೊಂದು ತೂತಿಗೂ ಇನ್ನೊಂದು 720 ಕಳೆಯುತ್ತಾ ಹೋಗಬೇಕು.