ಒನಕೆ ಕಿಂಡಿಯಿಂದ ಅಂಕಲಿ ಮಠಕ್ಕೆ

ಕಳೆದ ಭಾನುವಾರ ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಹೊರಟು, ಬಿಸಿಲೇರುವ ಮೊದಲೇ ಅಕ್ಕನೊಂದಿಗೆ ಚಿತ್ರದುರ್ಗದ ಕೋಟೆಯನ್ನು ಹತ್ತಿದೆ. ಒಬ್ಬರು ಮೈಮುದುಡಿಕೊಂಡು ಮಾತ್ರ ನುಸುಳಬಹುದಾದ ಒನಕೆ ಕಿಂಡಿಯನ್ನು ಕಂಡಾಗಲೇ, ಹೈದರಾಲಿಯ ಸೈನಿಕರನ್ನು ಓಬವ್ವ ಒಬ್ಬಳೇ ಹೇಗೆ ತಡೆದಿರಬಹುದೆಂಬುದು ನನಗೆ ನಿಜವಾಗಿ ಅರ್ಥವಾದದ್ದು.

ಮಧ್ಯಾಹ್ನ ಚಂದ್ರವಳ್ಳಿಗೆ ಹೋದೆವು. ಅಂಕಲಿ ಮಠದ ಗುಹೆಯಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆಯಿಡಲಾಗದು. ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳ ಗೋಡೆಯ ಮೇಲೆ ಮಾಸಿದ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ. ಹೊರಗಿನ ಬಂಡೆಯ ಮೇಲೆ, ಕೆರೆಯ ಕುರಿತು ಕದಂಬ ಮಯೂರಶರ್ಮ ಬರೆಸಿದ ಪ್ರಾಕೃತ ಶಾಸನವಿದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೊತ್ತು ಸಾಲಲಿಲ್ಲ. ತಾನು ಬೌದ್ಧ ಉಪಾಸಕನಾದುದನ್ನು ಅಶೋಕ ಹೇಳಿಕೊಂಡಿರುವ ಅಲ್ಲಿನ ಬಂಡೆಗಲ್ಲ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದರು. ಬ್ರಾಹ್ಮಿಯ ಸಾಲುಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನಷ್ಟೇ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಆ ಅಕ್ಷರಗಳನ್ನು ನೋಡಲೆಂದೇ ಅಕ್ಕನೂ ನಾನೂ ಮತ್ತೆ ಹೋಗಲಿದ್ದೇವೆ.